ಬನ್ ಮೇಲೇಳದೆ ಪಕ್ಕಕ್ಕೆ ಹರಡಿದರೆ

ಪ್ರಶ್ನೆ: ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಬನ್ನು, ಬ್ರೆಡ್ಡು ಮಾಡುತ್ತಿದ್ದೇನೆ. ರುಚಿ ಚೆನ್ನಾಗಿಯೇ ಇರುತ್ತದೆ. ಆದರೆ ಬನ್ ಗುಂಡಗೆ ಮೇಲೇಳದೆ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಯಾವುದಾದರೂ ಪೇಸ್ಟ್ರಿ ಕ್ಲಾಸಿಗೆ ಸೇರಿದರೆ ಸರಿಹೋಗುತ್ತದೆಯೇ? ನಮ್ಮ ಕಡೆ ರಾಗಿಗೆ ಕೊರತೆಯಿಲ್ಲ. ರಾಗಿಯಲ್ಲೂ ಬ್ರೆಡ್ ಮಾಡಬಹುದೇ?
— ಓದುಗರೊಬ್ಬರು, ಕುದೂರು, ಮಾಗಡಿ ತಾಲ್ಲೂಕು

ಉತ್ತರ: ರುಚಿ ಬರುತ್ತಿದೆ ಎಂದ ಮೇಲೆ ನಿಮ್ಮ ಈಸ್ಟು, ಉಪ್ಪು, ನಾದುವ ಹದ ಹೆಚ್ಚುಕಡಿಮೆ ಸರಿಯಾಗಿಯೇ ಇರಬೇಕು. ನನಗೆ ಅನುಮಾನ ಬರುವುದು ಉಂಡೆ ಕಟ್ಟುವ ಕೆಲಸದ ಮೇಲೆ.

ಮಾಗಡಿ ಸೀಮೆಯವರಿಗೆ ಉಂಡೆ ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮುದ್ದೆ ಕಟ್ಟಿದ ಕೈ ಬನ್ ಕಟ್ಟುವಾಗಲೂ ಅದೇ ರೂಢಿಯಲ್ಲಿ ಹೋಗಿಬಿಡುತ್ತದೆ. ಮುದ್ದೆಗೆ ಕೈ ಒದ್ದೆ ಮಾಡಿಕೊಳ್ಳುತ್ತೇವೆ, ಎಲ್ಲಿಯೂ ಅಂಟದಂತೆ ಉರುಳಿಸುತ್ತೇವೆ. ರಾಗಿಯ ಪಿಷ್ಟ ಕುದಿನೀರಿನಲ್ಲಿ ಆಗಲೇ ಬೆಂದಿರುವುದರಿಂದ ಕಟ್ಟಿದ ಆಕಾರ ಹಾಗೆಯೇ ನಿಲ್ಲುತ್ತದೆ. ಮೈದಾ ಉಂಡೆ ಇನ್ನೂ ಹಸಿ. ಅದಕ್ಕೆ ಆಕಾರ ಕೊಡುವುದು ಗ್ಲುಟೆನ್. ಗೋಧಿಯಲ್ಲಿರುವ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ನೀರು ಕುಡಿದು, ನಾದುವಾಗ ಒಂದಕ್ಕೊಂದು ಹೆಣೆದುಕೊಂಡು ಜಗ್ಗುವ ಜಾಲವಾಗುತ್ತವೆ. ಈಸ್ಟ್ ಬಿಡುವ ಗಾಳಿ ಆ ಜಾಲದಲ್ಲಿ ಸಿಕ್ಕಿಕೊಳ್ಳುತ್ತದೆ. ಉಂಡೆಯ ಮೇಲ್ಮೈಯಲ್ಲಿ ಜಾಲ ಬಿಗಿಯಾಗಿ ಎಳೆದುಕೊಂಡಿದ್ದರೆ ಗಾಳಿ ಉಂಡೆಯನ್ನು ಮೇಲಕ್ಕೆತ್ತುತ್ತದೆ, ಸಡಿಲವಾಗಿದ್ದರೆ ಪಕ್ಕಕ್ಕೆ ತಳ್ಳುತ್ತದೆ.

ಹೀಗೆ ಮಾಡಿ ನೋಡಿ. ಒಮ್ಮೆ ಉಬ್ಬಿದ ಹಿಟ್ಟನ್ನು ಕಲ್ಲಿನ ಕಟ್ಟೆಯ ಮೇಲೆ ಬಗ್ಗಿಸಿಕೊಂಡು ಅರವತ್ತು ಗ್ರಾಮಿನಷ್ಟು ತುಂಡು ಮಾಡಿ. ಕಟ್ಟೆಗೆ ಒಣಹಿಟ್ಟು ಉದುರಿಸಬೇಡಿ, ಎಣ್ಣೆಯನ್ನಂತೂ ಸವರಲೇಬೇಡಿ. ತುಂಡಿನ ಅಂಚುಗಳನ್ನು ಸುತ್ತಲಿಂದ ನಡುವಿಗೆ ಮಡಚಿ, ಮಡಿಕೆ ಕೆಳಗಾಗುವಂತೆ ತಿರುವಿಡಿ. ಅಂಗೈಯನ್ನು ಅದರ ಮೇಲೆ ಕವುಚಿ, ಬೆರಳುಗಳನ್ನು ಸುತ್ತ ಬೇಲಿಯಂತೆ ಇಳಿಬಿಡಿ. ಕಿರುಬೆರಳಿನ ಅಂಚು ಕಟ್ಟೆಗೆ ತಾಗಿರಲಿ. ಈಗ ಕೈಯನ್ನು ಚಿಕ್ಕ ಸುತ್ತಿನಲ್ಲಿ ತಿರುಗಿಸಿ. ಉಂಡೆಯ ತಳ ಕಟ್ಟೆಗೆ ಒಂದಿಷ್ಟು ಅಂಟಿ ಹಿಡಿಯುತ್ತದೆ, ಮೇಲ್ಭಾಗ ಕೈಯ ಜೊತೆ ತಿರುಗುತ್ತದೆ. ಈ ಎಳೆತಕ್ಕೇ ಮೇಲಿನ ಪದರ ಬಿಗಿಯುವುದು. ಏಳೆಂಟು ಸುತ್ತಿಗೆಲ್ಲ ಮೇಲ್ಮೈ ನುಣ್ಣಗಾಗಿ ಮಿರುಗುತ್ತದೆ. ಬೆರಳಲ್ಲಿ ಒತ್ತಿದರೆ ಪುಟಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಪದರ ಹರಿದು ತರಿತರಿಯಾಗುತ್ತದೆ.

ಬ್ರೆಡ್ಡಿಗಾದರೆ ಹೀಗೆ ಉಂಡೆ ಮಾಡಿ, ಹತ್ತು ಹದಿನೈದು ನಿಮಿಷ ಬಟ್ಟೆ ಮುಚ್ಚಿಟ್ಟು, ಆಮೇಲೆ ಟಿನ್ನಿನ ಉದ್ದಕ್ಕೆ ಸರಿಯಾಗಿ ತಟ್ಟಿ, ಒಳಗಿನ ದೊಡ್ಡ ಗುಳ್ಳೆಗಳನ್ನು ಒಡೆಯಬೇಕು. ಬಳಿಕ ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ, ಅಂಚನ್ನು ಚಿವುಟಿ ಮುಚ್ಚಿ, ಅಂಚು ಕೆಳಗಾಗುವಂತೆ ಟಿನ್ನಿನಲ್ಲಿಡಬೇಕು.

ಕೈ ಪಳಗಿದ ಮೇಲೂ ಬನ್ ಹರಡಿದರೆ ಎರಡು ಸಂಗತಿ ನೋಡಿ. ಮೊದಲನೆಯದು ನೀರು. ವಿಡಿಯೊದಲ್ಲಿ ತೋರಿಸುವ ಅಳತೆ ಹಲವು ಸಲ ಹೊರದೇಶದ ಬ್ರೆಡ್ ಹಿಟ್ಟಿಗೆ ಹೊಂದಿದ್ದು. ಅದರಲ್ಲಿ ಪ್ರೋಟೀನ್ ಹೆಚ್ಚು, ಹಾಗಾಗಿ ನೀರನ್ನೂ ಹೆಚ್ಚು ಹಿಡಿಯುತ್ತದೆ. ನಮ್ಮ ಅಂಗಡಿಯ ಮೈದಾಗೆ ನೂರು ಗ್ರಾಮಿಗೆ ಐವತ್ತೆಂಟರಿಂದ ಅರವತ್ತೆರಡು ಗ್ರಾಂ ನೀರಿನಿಂದ ಶುರುಮಾಡಿ. ಲೋಟದ ಅಳತೆ ಬಿಟ್ಟು ತಕ್ಕಡಿ ಹಿಡಿಯಿರಿ. ಎರಡನೆಯದು ಹೊತ್ತು ಮೀರುವುದು. ಏಪ್ರಿಲ್ ಬಿಸಿಲಿಗೆ ಮುಕ್ಕಾಲು ಗಂಟೆಯಲ್ಲಿ ಉಬ್ಬುವ ಹಿಟ್ಟು ಡಿಸೆಂಬರಿನ ಬೆಳಿಗ್ಗೆ ಅದರ ಎರಡರಷ್ಟು ಹೊತ್ತು ಕೇಳಬಹುದು. ಗಡಿಯಾರ ನಂಬಬೇಡಿ. ಟ್ರೇಯಲ್ಲಿಟ್ಟ ಉಂಡೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ: ಗುಳಿ ಥಟ್ಟನೆ ಮುಚ್ಚಿಕೊಂಡರೆ ಇನ್ನೂ ಕಾಯಬೇಕು, ನಿಧಾನವಾಗಿ ಅರ್ಧ ಮುಚ್ಚಿದರೆ ಓವನ್ನಿಗೆ ಹೋಗಬೇಕು, ಹಾಗೆಯೇ ಉಳಿದರೆ ಹೊತ್ತು ಮೀರಿದೆ.

ಓವನ್ ಮೊದಲೇ ಚೆನ್ನಾಗಿ ಕಾದಿರಲಿ. 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬನ್ನಿಗೆ ಹದಿನೈದು ನಿಮಿಷದ ಆಸುಪಾಸು, ಅರ್ಧ ಕಿಲೋದೊಳಗಿನ ಬ್ರೆಡ್ಡಿಗೆ ಅರ್ಧ ಗಂಟೆಗೂ ತುಸು ಹೆಚ್ಚು ಬೇಕು. ಮೊದಲ ಹತ್ತು ನಿಮಿಷ ಬಾಗಿಲು ತೆಗೆಯಬೇಡಿ. ಬ್ರೆಡ್ ಕೊನೆಯ ಸಲ ಜಿಗಿದು ಏಳುವುದು ಆಗಲೇ. ಒಳಗಿನ ಶಾಖ 60 ಡಿಗ್ರಿ ದಾಟುವಷ್ಟರಲ್ಲಿ ಈಸ್ಟ್ ಸತ್ತು, ಪಿಷ್ಟ ಗಟ್ಟಿಯಾಗತೊಡಗಿರುತ್ತದೆ.

ಇನ್ನು ಕ್ಲಾಸಿನ ಮಾತು. ಕೈಗೆ ಸಿಗಬೇಕಾದ ಆ ಬಿಗಿ ಎಷ್ಟು ಎಂಬುದನ್ನು ಬರಹವೂ ವಿಡಿಯೊವೂ ಮುಟ್ಟಿಸಲಾರವು. ಪಕ್ಕದಲ್ಲಿ ನಿಂತವರು ನಿಮ್ಮ ಉಂಡೆಯನ್ನು ಒತ್ತಿ ನೋಡಿ, "ಇನ್ನೂ ಎರಡು ಸುತ್ತು" ಎನ್ನಬೇಕು. ಆದ್ದರಿಂದ ಕಲಿಯಲು ಹೋಗಿ ಎಂದೇ ನಾನು ಹೇಳುವುದು. ಆದರೆ ಪೇಸ್ಟ್ರಿ ಕ್ಲಾಸ್ ಎಂದರೆ ಹೆಚ್ಚಿನ ಕಡೆ ಕೇಕು, ಕ್ರೀಮು, ಅಲಂಕಾರ. ಕೇಕಿಗೆ ಗ್ಲುಟೆನ್ ಬೆಳೆಯಬಾರದು, ಬ್ರೆಡ್ಡಿಗೆ ಬೆಳೆಯಲೇಬೇಕು. ಒಂದರಲ್ಲಿ ಪಳಗಿದ ಕೈ ಇನ್ನೊಂದಕ್ಕೆ ಒದಗುವುದಿಲ್ಲ. ಫೀಸು ಕಟ್ಟುವ ಮೊದಲು ಬ್ರೆಡ್ಡಿಗೆ ಎಷ್ಟು ದಿನ, ಪ್ರತಿಯೊಬ್ಬರಿಗೂ ಬೇರೆ ಹಿಟ್ಟು ಕೊಡುತ್ತಾರೋ ಇಲ್ಲ ನಿಂತು ನೋಡುವುದಷ್ಟೇಯೋ ಎಂದು ಕೇಳಿ. ನೋಡುವುದಷ್ಟೇ ಆದರೆ ಹೋಗಬೇಡಿ.

ಈ ಲೆಕ್ಕದಲ್ಲಿ ನಾನು ಮೊದಲು ಹೆಸರಿಸುವುದು ಹೆಬ್ಬಾಳದಲ್ಲಿರುವ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕವನ್ನು. ಹದಿನಾಲ್ಕು ವಾರಗಳ ಸರ್ಟಿಫಿಕೇಟ್ ಕೋರ್ಸೂ ಅದಕ್ಕಿಂತ ಚಿಕ್ಕ ಕೋರ್ಸುಗಳೂ ಅಲ್ಲಿ ನಡೆದುಬಂದಿವೆ. ಸೋಲೂರು, ನೆಲಮಂಗಲ ದಾಟಿ ಗೊರಗುಂಟೆಪಾಳ್ಯದಿಂದ ರಿಂಗ್ ರಸ್ತೆಗೆ ತಿರುಗಿ ಹೋಗುವ ದಾರಿ. ದಿನಾ ಓಡಾಡುವುದು ಬಲು ಕಷ್ಟ. ಮನೆಯ ಮಟ್ಟಿಗೆ ಸಾಕೆಂದರೆ ಚಿಕ್ಕ ಕೋರ್ಸೇ ವಾಸಿ. ಕುದೂರಿನಲ್ಲೇ ಬೇಕರಿ ಇಡುವ ಆಸೆಯಿದ್ದರೆ ಮಾತ್ರ ಬೆಂಗಳೂರಿನಲ್ಲಿ ಉಳಿದು ದೊಡ್ಡದನ್ನು ಮಾಡಿ. ನೆಲಮಂಗಲದ ಬಳಿ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. ಊಟ, ವಸತಿ ಸಹಿತ ತರಬೇತಿ ಉಚಿತ. ಅಲ್ಲಿನ ತರಬೇತಿಗಳ ಪಟ್ಟಿ ಬದಲಾಗುತ್ತಿರುತ್ತದೆ, ಬೇಕರಿಯದು ಇದೆಯೇ ಎಂದು ವಿಚಾರಿಸಿ. ಮೈಸೂರಿನ ಸಿಎಫ್‌ಟಿಆರ್‌ಐ, 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಸಂಸ್ಥೆ, ಹಿಟ್ಟು ಮತ್ತು ಬೇಕಿಂಗಿನ ವಿಜ್ಞಾನಕ್ಕೆ ದೇಶದಲ್ಲೇ ದೊಡ್ಡ ಹೆಸರು. ಉದ್ಯಮ ಶುರುಮಾಡಿದ ಮೇಲೆ ಅಲ್ಲಿನ ಅಲ್ಪಾವಧಿ ತರಬೇತಿ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಇದೆಲ್ಲಕ್ಕೂ ಮೊದಲು ಹತ್ತಿರದ ಅಯ್ಯಂಗಾರ್ ಬೇಕರಿಯಲ್ಲಿ ಒಂದು ಮಾತು ಕೇಳಿ. ಊರೂರಿಗೂ ಬನ್ನು, ದಿಲ್‌ಪಸಂದ್, ಕಾಂಗ್ರೆಸ್ ಕಡಲೆಕಾಯಿ ಮುಟ್ಟಿಸಿದ್ದು ಹಾಸನದ ಕಡೆಯಿಂದ ಬಂದ ಈ ಮನೆತನಗಳು. ಅವರಲ್ಲಿ ಹೆಚ್ಚಿನವರು ಕಲಿತದ್ದು ಯಾವ ಸರ್ಟಿಫಿಕೇಟಿಗೂ ಅಲ್ಲ, ಅಣ್ಣನದೋ ಮಾವನದೋ ಭಟ್ಟಿಯ ಮುಂದೆ ನಿಂತು. ಹಳಬರು ಎರಡೂ ಅಂಗೈಯಡಿ ಒಂದೊಂದು ಉಂಡೆ ಇಟ್ಟುಕೊಂಡು ಒಟ್ಟಿಗೇ ತಿರುಗಿಸುತ್ತಾರೆ. ಆ ಕೆಲಸ ನೋಡುವುದೇ ಒಂದು ಪಾಠ. ವ್ಯಾಪಾರ ಕಡಿಮೆ ಇರುವ ಹೊತ್ತಿನಲ್ಲಿ, ಅಂಗಡಿಯವರ ಅನುಮತಿ ಪಡೆದು, ಅವರ ಹಿಟ್ಟಿನಲ್ಲಿ ನಾಲ್ಕಾರು ಉಂಡೆ ಕಟ್ಟಿ ನೋಡಿ. ಕ್ಲಾಸ್ ಬೇಕೋ ಬೇಡವೋ ನಿಮಗೇ ತಿಳಿಯುತ್ತದೆ.

ರಾಗಿಯಲ್ಲಿ ಗ್ಲುಟೆನ್ ಇಲ್ಲ. ಬರೀ ರಾಗಿಯಿಂದ ಬೇಕರಿಯ ಬ್ರೆಡ್ಡಿನಂತೆ ಉಬ್ಬುವ ಬ್ರೆಡ್ ಆಗುವುದಿಲ್ಲ. ಒಟ್ಟು ಹಿಟ್ಟಿನಲ್ಲಿ ಐದನೇ ಒಂದು ಪಾಲು ರಾಗಿ, ಉಳಿದದ್ದು ಮೈದಾ ಇಟ್ಟು ಶುರುಮಾಡಿ. ಹಿಟ್ಟನ್ನು ನುಣ್ಣಗೆ ಜರಡಿ ಹಿಡಿಯಿರಿ. ರಾಗಿಯ ನಾರು ನೀರೆಳೆಯುವುದರಿಂದ ಒಂದೆರಡು ಚಮಚ ನೀರು ಹೆಚ್ಚು ಬೇಕಾಗಬಹುದು. ಮೈದಾವನ್ನು ಮೊದಲು ಚೆನ್ನಾಗಿ ನಾದಿ, ಜಗ್ಗು ಬಂದ ಮೇಲೆ ರಾಗಿ ಸೇರಿಸಿದರೆ ಇನ್ನೂ ಒಳ್ಳೆಯದು. ಮೈದಾ ಬನ್ ಸರಿಯಾಗಿ ಎದ್ದು ನಿಲ್ಲುವವರೆಗೆ ಮಾತ್ರ ರಾಗಿಯ ತಂಟೆಗೆ ಹೋಗಬೇಡಿ.