ಇಂಗ್ಲಿಷ್ ನುಡಿಗಟ್ಟುಗಳು: ಅಭ್ಯಾಸದ ಒಂದು ದಾರಿ

ಪರಭಾಷೆಯನ್ನು ಕಲಿಯುವವನಿಗೆ ಕಠಿಣವಾದ ಒಂದು ಪದ ಎದುರಾದರೆ ಅಷ್ಟೇನೂ ಗಾಬರಿಯಿಲ್ಲ. ನಿಘಂಟು ತೆರೆದರೆ ಅರ್ಥ ದೊರೆಯುತ್ತದೆ. ಆದರೆ ಪ್ರತಿಯೊಂದು ಪದವೂ ಪರಿಚಿತವಾಗಿದ್ದು, ಇಡೀ ವಾಕ್ಯ ಮಾತ್ರ ಅಪರಿಚಿತವಾಗಿ ನಿಂತರೆ ಏನು ಮಾಡಬೇಕು? 'ಹೀ ನೋಸ್ ದ ರೋಪ್ಸ್' ಎಂಬ ವಾಕ್ಯವನ್ನು ನೋಡಿರಿ. 'ರೋಪ್' ಎಂದರೆ ಹಗ್ಗವೆಂಬುದನ್ನು ಪ್ರಾಥಮಿಕ ಶಾಲೆಯ ಬಾಲಕನೂ ಬಲ್ಲ. ಆದರೆ 'ಅವನಿಗೆ ಹಗ್ಗಗಳು ಗೊತ್ತು' ಎಂದು ಅರ್ಥ ಹೇಳಿದರೆ ಕೇಳಿದವರು ನಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ಅನೇಕರು ಇಂತಹ ನಗೆಗೆ ಅಂಜಿ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾರೆ; ತಮ್ಮ ಬುದ್ಧಿಯೇ ಮಂದವೆಂದು ಭಾವಿಸುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲವೆಂದೂ, ಕನ್ನಡವನ್ನು ಚೆನ್ನಾಗಿ ಬಲ್ಲವನ ಕೈಯಲ್ಲಿ ಈ ಬೀಗದ ಕೀಲಿಕೈ ಆಗಲೇ ಇದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ನುಡಿಗಟ್ಟು ಎಂದರೇನೆಂಬುದನ್ನು ತಿಳಿಯೋಣ. ಬಿಡಿ ಪದಗಳ ಅರ್ಥಗಳನ್ನು ಕೂಡಿಸಿದರೆ ಬಾರದ ಬೇರೊಂದು ಅರ್ಥವನ್ನು ರೂಢಿಯಿಂದ ಪಡೆದ ಪದಗಳ ಗುಂಪೇ ನುಡಿಗಟ್ಟು. ಇದು ಇಂಗ್ಲಿಷಿನ ಸ್ವತ್ತು ಮಾತ್ರವಲ್ಲ. 'ಕಣ್ಣಿಗೆ ಮಣ್ಣೆರಚಿದ' ಎಂದಾಗ ನಾವು ಮಣ್ಣನ್ನು ಹುಡುಕುವುದಿಲ್ಲ. 'ಮೂಗು ಮುರಿದಳು' ಎಂದಾಗ ವೈದ್ಯರನ್ನು ಕರೆಯುವುದಿಲ್ಲ. ಒಂದೇ ಅಂಗವನ್ನು ಎರಡು ಭಾಷೆಗಳು ಬಳಸಿಕೊಳ್ಳುವ ಬಗೆಯೂ ಬೇರೆಬೇರೆ. ಕನ್ನಡದಲ್ಲಿ ಗೆಳೆಯನು 'ಕೈ ಕೊಟ್ಟ'ನೆಂದರೆ ಮೋಸ ಮಾಡಿದನೆಂದೇ ಅರ್ಥ. ಇಂಗ್ಲಿಷಿನಲ್ಲಿ 'ಹೀ ಗೇವ್ ಮಿ ಎ ಹ್ಯಾಂಡ್' ಎಂದರೆ ಅವನು ನೆರವಾದ! ಪದಕ್ಕೆ ಪದ ಇಟ್ಟು ಅನುವಾದಿಸುವವನು ಉಪಕಾರಿಯನ್ನು ದ್ರೋಹಿಯನ್ನಾಗಿ ಮಾಡಿಬಿಟ್ಟಾನು.

ಹಾಗಾದರೆ ಈ ಅರ್ಥಗಳು ಎಲ್ಲಿಂದ ಬಂದವು? ಬಹುಮಟ್ಟಿಗೆ ಆಯಾ ಜನರ ದುಡಿಮೆಯಿಂದ ಮತ್ತು ನೆಲದಿಂದ. ಇಂಗ್ಲೆಂಡು ಬಹುಪಾಲು ಸಮುದ್ರ ಸುತ್ತುವರಿದ ನಾಡು. ಅಲ್ಲಿಯ ಜನ ಶತಮಾನಗಳ ಕಾಲ ಹಾಯಿಹಡಗುಗಳಲ್ಲಿ ದುಡಿದರು. ಹಡಗಿನಲ್ಲಿ ಹತ್ತಾರು ಹಗ್ಗಗಳು. ಯಾವುದನ್ನು ಎಳೆದರೆ ಯಾವ ಹಾಯಿ ಏರುತ್ತದೆ, ಯಾವುದು ಇಳಿಯುತ್ತದೆ ಎಂದು ತಿಳಿದವನೇ ಪಳಗಿದ ನಾವಿಕ. ಆದ್ದರಿಂದ 'ನೋ ದ ರೋಪ್ಸ್' ಎಂದರೆ ಕೆಲಸದ ಒಳಹೊರಗನ್ನು ಬಲ್ಲವನಾಗಿರುವುದು. ಸಮುದ್ರದಲ್ಲಿ ಹಡಗುಗಳು ಸುಳ್ಳು ಬಾವುಟ ಹಾರಿಸಿ ಹತ್ತಿರ ಬಂದು, ಬಳಿಕ ತಮ್ಮ ನಿಜವಾದ ಬಾವುಟವನ್ನು ಏರಿಸುತ್ತಿದ್ದುವು. ಬಾವುಟಕ್ಕೆ 'ಕಲರ್ಸ್' ಎಂದು ಹೆಸರು. ಅದರಿಂದ 'ಶೋ ಒನ್ಸ್ ಟ್ರೂ ಕಲರ್ಸ್', ಎಂದರೆ ನಿಜಬಣ್ಣ ಬಯಲು ಮಾಡುವುದು. 'ಟರ್ನ್ ಎ ಬ್ಲೈಂಡ್ ಐ', ಅಂದರೆ ಕಂಡೂ ಕಾಣದಂತಿರುವುದು, ನೌಕಾಪತಿ ನೆಲ್ಸನ್ನನ ಕಥೆಯೊಡನೆ ಬೆಸೆದುಕೊಂಡಿದೆ. 1801ರ ಕೋಪನ್‌ಹೇಗನ್ ಯುದ್ಧದಲ್ಲಿ ಕಾಳಗ ನಿಲ್ಲಿಸಬೇಕೆಂದು ಮೇಲಧಿಕಾರಿಯ ಸಂಕೇತ ಬಂದಾಗ, ಅವನು ದುರ್ಬೀನನ್ನು ತನ್ನ ಕಾಣದ ಕಣ್ಣಿಗೆ ಹಿಡಿದು ಸಂಕೇತ ಕಾಣುತ್ತಿಲ್ಲವೆಂದನಂತೆ.

ಸಮುದ್ರದಿಂದ ಈಗ ಹೊಲಕ್ಕೆ ಬರೋಣ. 'ಮೇಕ್ ಹೇ ವೈಲ್ ದ ಸನ್ ಶೈನ್ಸ್' ಎಂಬುದನ್ನು 'ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ' ಎಂದು ಕಂಠಪಾಠ ಮಾಡಿದರೆ ನಮಗೆ ಏನೂ ಹತ್ತುವುದಿಲ್ಲ. ಬಿಸಿಲಿಗೆ ನಮ್ಮಲ್ಲೇನು ಬರ? ಆದರೆ ಇಂಗ್ಲೆಂಡಿನ ರೈತನು ಚಳಿಗಾಲಕ್ಕೆ ದನಗಳ ಮೇವನ್ನು ಬೇಸಗೆಯಲ್ಲಿಯೇ ಕೊಯ್ದು ಒಣಗಿಸಬೇಕು. ಅಲ್ಲಿ ಬೇಸಗೆಯಲ್ಲಿಯೂ ಮಳೆ ಯಾವಾಗ ಬಂದೀತೆಂದು ಹೇಳಲಾಗದು. ನೆನೆದ ಹುಲ್ಲು ಕೊಳೆಯುತ್ತದೆ. ಅವನು ಸೂರ್ಯನ ದಾರಿ ಕಾಯುತ್ತಾನೆ. ನಮ್ಮ ರೈತ ಕಣದಲ್ಲಿ ಕಾಳು ರಾಶಿ ಹಾಕಿಕೊಂಡು ಹೊಟ್ಟು ಹಾರಿಸಲು ಗಾಳಿಯ ದಾರಿ ಕಾಯುತ್ತಾನೆ. 'ಗಾಳಿ ಬಂದಾಗ ತೂರಿಕೋ' ಎಂದನು ಇವನು. ಇಬ್ಬರ ಅನುಭವವೂ ಒಂದೇ; ಕಾದದ್ದು ಮಾತ್ರ ಬೇರೆ. ಈ ಜೋಡಿಯನ್ನು ಒಮ್ಮೆ ಕಂಡುಕೊಂಡವನು ಇಂಗ್ಲಿಷ್ ಮಾತನ್ನು ಮರೆಯುವುದು ಕಷ್ಟ.

ಹವೆಯೂ ಭಾಷೆಯನ್ನು ರೂಪಿಸುತ್ತದೆ. ಚಳಿನಾಡಿನವರಿಗೆ ಬೆಚ್ಚಗಿರುವುದೇ ಸುಖ. ಆದ್ದರಿಂದ ಪ್ರೀತಿಯ ಸ್ವಾಗತ ಅವರಿಗೆ 'ವಾರ್ಮ್ ವೆಲ್ಕಮ್'. ಕಡೆಗಣಿಸುವುದು 'ಕೋಲ್ಡ್ ಶೋಲ್ಡರ್' ತೋರಿಸುವುದು. ನಮ್ಮದು ಬಿಸಿಲನಾಡು. ನಮ್ಮ ಅಜ್ಜಿಯರು 'ನಿನ್ನ ಹೊಟ್ಟೆ ತಣ್ಣಗಿರಲಿ' ಎಂದು ಹರಸುತ್ತಾರೆ. ಮಕ್ಕಳನ್ನು ಕಂಡಾಗ ಅವರ ಕಣ್ಣು ತಂಪಾಗುತ್ತದೆ. ಈ ಹರಕೆಯನ್ನು ಪದಶಃ ಇಂಗ್ಲಿಷಿಗೆ ತಿರುಗಿಸಿದರೆ ಅದು ಶಾಪದಂತೆ ಕೇಳೀತು!

ಮೂರನೆಯ ಮೂಲ ಗ್ರಂಥಗಳು. 1611ರಲ್ಲಿ ಪ್ರಕಟವಾದ ಬೈಬಲಿನ ಇಂಗ್ಲಿಷ್ ಅನುವಾದವನ್ನು ಅಲ್ಲಿಯ ಜನ ತಲೆತಲಾಂತರದಿಂದ ಕೇಳುತ್ತ ಬಂದರು. ವಿನಾಶದ ಮುನ್ಸೂಚನೆ ಎಂಬ ಅರ್ಥದ 'ದ ರೈಟಿಂಗ್ ಆನ್ ದ ವಾಲ್' ಬಂದದ್ದು ಬೈಬಲಿನ ದಾನಿಯೇಲನ ಗ್ರಂಥದ ಕಥೆಯಿಂದ. ಎಷ್ಟಕ್ಕೂ ಸಾಲದ ಅಲ್ಪವಸ್ತು ಎಂಬ ಅರ್ಥದ 'ಎ ಡ್ರಾಪ್ ಇನ್ ದ ಬಕೆಟ್' ಯೆಶಾಯನ ಗ್ರಂಥದಿಂದ ಬಂತು. ಷೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ನಾಟಕದ ಷೈಲಾಕನಿಂದ, ಕರುಣೆಯಿಲ್ಲದೆ ಸಾಲ ವಸೂಲಿ ಮಾಡುವುದಕ್ಕೆ 'ಪೌಂಡ್ ಆಫ್ ಫ್ಲೆಷ್' ಎಂಬ ಮಾತು ನಿಂತಿತು. ನಮ್ಮಲ್ಲಿಯೂ ಹಾಗೆಯೇ. ಹಡಗಿನಷ್ಟು ಹಸಿವಿಗೆ ಹನಿಯಷ್ಟು ಊಟವಿಟ್ಟರೆ ನಾವು ರಾಮಾಯಣವನ್ನು ನೆನೆದು 'ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ' ಎನ್ನುತ್ತೇವೆ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಎಲ್ಲ ನುಡಿಗಟ್ಟುಗಳಿಗೂ ಮೂಲಕಥೆ ಸಿಗುವುದಿಲ್ಲ. ಸಿಕ್ಕ ಕಥೆಗಳೆಲ್ಲ ನಿಜವೂ ಅಲ್ಲ. ಜಡಿಮಳೆಗೆ 'ರೇನಿಂಗ್ ಕ್ಯಾಟ್ಸ್ ಆಂಡ್ ಡಾಗ್ಸ್' ಎನ್ನುವುದೇಕೆಂದು ಹಲವು ಸ್ವಾರಸ್ಯದ ಕಥೆಗಳು ಪ್ರಚಾರದಲ್ಲಿವೆ, ಒಂದಕ್ಕೂ ಪುರಾವೆಯಿಲ್ಲ. ಮೂಲವು ಜ್ಞಾಪಕಕ್ಕೆ ಊರುಗೋಲು. ಅರ್ಥಕ್ಕೆ ಮಾತ್ರ ಇಂದಿನ ಬಳಕೆಯೇ ಪ್ರಮಾಣ.

ಅರ್ಥ ತಿಳಿದಷ್ಟಕ್ಕೆ ಕೆಲಸ ಮುಗಿಯದು. ನುಡಿಗಟ್ಟಿನ ರೂಪವನ್ನು ನಮ್ಮ ಇಷ್ಟದಂತೆ ಬದಲಿಸುವಂತಿಲ್ಲ. 'ಕಿಕ್ ದ ಬಕೆಟ್' ಎಂದರೆ ಸಾಯುವುದು. ಆದರೆ ವ್ಯಾಕರಣದ ಪಾಠದಂತೆ ಅದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೆ ಯಾರೂ ಸಾಯುವುದಿಲ್ಲ, ಬಕೆಟ್ಟು ಮಾತ್ರ ಉರುಳುತ್ತದೆ. ಸಂದರ್ಭವೂ ಮುಖ್ಯ. ಈ ಮಾತು ಗೆಳೆಯರ ಹರಟೆಗೆ ಮಾತ್ರ ತಕ್ಕುದು. ಗುರುಗಳ ತಂದೆ ತೀರಿಕೊಂಡಾಗ ಬರೆಯುವ ಸಂತಾಪ ಪತ್ರದಲ್ಲಿ ಇದನ್ನು ಬಳಸಿದರೆ, 'ಗೊಟಕ್ ಎಂದರು' ಎಂದು ಬರೆದಷ್ಟೇ ಅನುಚಿತ. ಒಂದೇ ಪ್ರಬಂಧದಲ್ಲಿ ಹತ್ತು ನುಡಿಗಟ್ಟುಗಳನ್ನು ತುರುಕುವುದೂ ಶೋಭೆಯಲ್ಲ. ಅಡುಗೆಗೆ ಒಗ್ಗರಣೆ ಬೇಕು, ಒಗ್ಗರಣೆಯೇ ಅಡುಗೆಯಾಗಬಾರದು.

ಇನ್ನು ಅಭ್ಯಾಸದ ಕ್ರಮ. ಪರೀಕ್ಷೆಯ ಹಿಂದಿನ ರಾತ್ರಿ ನೂರು ನುಡಿಗಟ್ಟುಗಳ ಪಟ್ಟಿಯನ್ನು ಉರು ಹೊಡೆಯುವುದರಿಂದ ಲಾಭವಿಲ್ಲ. ಓದುವಾಗ ಎದುರಾದ ನುಡಿಗಟ್ಟನ್ನು ಅದಿರುವ ಇಡೀ ವಾಕ್ಯದೊಡನೆ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿರಿ. ಅದರ ಮುಂದೆ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿರಿ: ಇದು ಯಾವ ಬದುಕಿನಿಂದ ಬಂತು? ಇದನ್ನು ಯಾರೊಡನೆ, ಯಾವಾಗ ಆಡಬಹುದು? ಇಂತಹ ಸಂದರ್ಭದಲ್ಲಿ ನಮ್ಮ ಮನೆಯವರು ಏನನ್ನುತ್ತಾರೆ? ಮೂರನೆಯ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಊರಿಗೆ ಹೋದಾಗ ಹಿರಿಯರನ್ನು ಕೇಳಿರಿ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೇ ಇಂಗ್ಲಿಷ್ ಪಾಠಕ್ಕೆ ನೆರವಾದಾಳು.

ಈ ಕಷ್ಟ ನಮ್ಮೊಬ್ಬರದೇ ಅಲ್ಲವೆಂಬುದನ್ನೂ ನೆನಪಿಡೋಣ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಅಲ್ಲಿಯ ವಿದ್ಯಾರ್ಥಿಗಳ ತೊಡಕನ್ನು ಕಂಡು, ಪರಭಾಷಿಕರಿಗಾಗಿಯೇ ಇಬ್ಬರು ಸಹೋದ್ಯೋಗಿಗಳೊಡನೆ ಒಂದು ನಿಘಂಟನ್ನು ರಚಿಸಿದರು. 1942ರಲ್ಲಿ ಟೋಕಿಯೋದಲ್ಲಿ ಹೊರಬಂದ ಅದು 1948ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಗಿ, ಪರಿಷ್ಕಾರಗೊಳ್ಳುತ್ತ ಇಂದಿಗೂ ಬಳಕೆಯಲ್ಲಿದೆ. ನಮ್ಮಂತಹವರಿಗೆ ಹತ್ತದ ಮಾತುಗಳಿಂದಲೇ ಅಷ್ಟು ದೊಡ್ಡ ಗ್ರಂಥ ಹುಟ್ಟಿತೆಂದ ಮೇಲೆ, ಹತ್ತಲಿಲ್ಲವೆಂದು ಕೇಳುವುದರಲ್ಲಿ ನಾಚಿಕೆಯೇನು?

ಸ್ವಂತ ಭಾಷೆಯ ನುಡಿಗಟ್ಟುಗಳನ್ನು ಮರೆತವನಿಗೆ ಪರಭಾಷೆಯವು ಬರಿಯ ಒಗಟುಗಳು. ಅವುಗಳನ್ನು ಉಳಿಸಿಕೊಂಡವನಿಗೆ ಅವು ಬೇರೊಂದು ಊರಿನ ನೆಂಟರು. ಆದಕಾರಣ ಸಹಪಾಠಿಗಳು ದಿನಕ್ಕೊಂದರಂತೆ ಈ ಅಭ್ಯಾಸವನ್ನು ಆರಂಭಿಸಲಿ. ತರಗತಿಯಲ್ಲಿ ಅರ್ಥವಾಗದ ಮಾತು ಬಂದಾಗ ತಲೆ ತಗ್ಗಿಸದೆ ಕೈಯೆತ್ತಿ ಕೇಳಲಿ.