ಮಾತನಾಡುತ್ತಲೇ ಕೇಳುವ ರೇಡಿಯೋ

ಒಬ್ಬರು ಮಾತನಾಡುವಾಗ ಮತ್ತೊಬ್ಬರು ಸುಮ್ಮನಿದ್ದು ಕೇಳಬೇಕೆಂಬುದು ನಾವೆಲ್ಲರೂ ಮೊದಲನೆಯ ತರಗತಿಯಿಂದ ಕಲಿತುಬಂದ ನಿಯಮ. ನಿಸ್ತಂತು ಯಂತ್ರಗಳೂ ಬಹುಮಟ್ಟಿಗೆ ಇದೇ ನಿಯಮಕ್ಕೆ ಕಟ್ಟುಬಿದ್ದಿವೆ. ಪೊಲೀಸರ ವಾಕಿಟಾಕಿಯನ್ನು ನೋಡಿರಿ. ಗುಂಡಿಯನ್ನೊತ್ತಿ ಮಾತನಾಡಿದವರು "ಓವರ್" ಎಂದು ಹೇಳಿ, ಗುಂಡಿಯನ್ನು ಬಿಟ್ಟ ಮೇಲೆಯೇ ಉತ್ತರವನ್ನು ಕೇಳಬಲ್ಲರು. ಹಾಗಾದರೆ ಮೊಬೈಲ್ ಫೋನಿನಲ್ಲಿ ಇಬ್ಬರೂ ಒಮ್ಮೆಗೇ ಮಾತನಾಡುವುದು ಹೇಗೆ?

ಅದಕ್ಕೆ ಎರಡು ಉಪಾಯಗಳುಂಟು. ಹೋಗುವ ಮಾತಿಗೆ ಒಂದು ಕಂಪನಸಂಖ್ಯೆ, ಬರುವ ಮಾತಿಗೆ ಬೇರೊಂದು ಕಂಪನಸಂಖ್ಯೆ ಎಂದು ದಾರಿಯನ್ನು ಎರಡು ಮಾಡುವುದು ಮೊದಲನೆಯದು. ಒಂದೇ ದಾರಿಯಲ್ಲಿ ಸರದಿಯ ಮೇಲೆ ಹೋಗಿಬರುವುದು ಎರಡನೆಯದು. 1990ರ ದಶಕದಲ್ಲಿ ನಮ್ಮ ಚೆನ್ನೈನ ಐ.ಐ.ಟಿ. ಮದ್ರಾಸಿನಲ್ಲಿ ಪ್ರಾಧ್ಯಾಪಕ ಅಶೋಕ್ ಝುಂಝುನ್‌ವಾಲಾ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಕಾರ್‌ಡೆಕ್ಟ್ ಎಂಬ ತಂತಿಯಿಲ್ಲದ ದೂರವಾಣಿ ಈ ಎರಡನೆಯ ಬಗೆಯದು. ಅದರಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗವನ್ನು 24 ತುಂಡುಗಳಾಗಿ ವಿಂಗಡಿಸಿ, 12ನ್ನು ಹೋಗುವ ಮಾತಿಗೂ 12ನ್ನು ಬರುವ ಮಾತಿಗೂ ಮೀಸಲಿಟ್ಟಿದ್ದರು. ಸರದಿ ಇಷ್ಟು ಬೇಗ ಬದಲಾಗುವುದರಿಂದ ನಮ್ಮ ಕಿವಿಗೆ ಅದು ತಿಳಿಯುವುದೇ ಇಲ್ಲ.

ಆದರೆ ಎರಡು ಉಪಾಯಗಳಲ್ಲಿಯೂ ನಷ್ಟವೊಂದಿದೆ: ದಾರಿಯಲ್ಲಿ ಅರ್ಧ, ಇಲ್ಲವೇ ಕಾಲದಲ್ಲಿ ಅರ್ಧ. 1924ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಈ ನಗರದಲ್ಲಿ ಪ್ರಸಾರವನ್ನು ಆರಂಭಿಸಿದಾಗ ಆಕಾಶವೆಲ್ಲ ಬಿಡುವಾಗಿತ್ತು. ಇಂದು ಜೇಬುಜೇಬಿನಲ್ಲಿಯೂ ಒಂದೊಂದು ಪ್ರಸಾರಯಂತ್ರವಿದೆ. ಕಂಪನಸಂಖ್ಯೆಗಳಾದರೋ ಭೂಮಿಯಂತೆ ಮಿತವಾದುವು, ಬೇಕೆಂದಾಗ ಹೆಚ್ಚುವುವಲ್ಲ. ಆದಕಾರಣ, ಒಂದೇ ಕಂಪನಸಂಖ್ಯೆಯಲ್ಲಿ, ಒಂದೇ ಕ್ಷಣದಲ್ಲಿ ಕಳುಹಿಸುತ್ತಲೂ ಕೇಳುತ್ತಲೂ ಇರುವ ಯಂತ್ರವನ್ನು ವಿಜ್ಞಾನಿಗಳು ಹುಡುಕತೊಡಗಿದರು. ಇದಕ್ಕೆ ಫುಲ್ ಡ್ಯುಪ್ಲೆಕ್ಸ್ ರೇಡಿಯೋ ಎಂದು ಹೆಸರು.

ಇಲ್ಲಿರುವ ತೊಡಕು ಯಾವುದು? ತನ್ನ ಕೂಗೇ ತನ್ನ ಕಿವಿಗೆ ಅಡ್ಡವಾಗುವುದು. ಸಾಮಾನ್ಯ ವೈಫೈ ಯಂತ್ರವೊಂದರ ಸ್ವಂತ ಪ್ರಸಾರದ ಶಕ್ತಿಯು, ಅದು ಆಲಿಸಬೇಕಾದ ಅತಿ ಕ್ಷೀಣವಾದ ಮಟ್ಟಕ್ಕಿಂತ ಸುಮಾರು ಹತ್ತು ಸಾವಿರ ಕೋಟಿ ಪಟ್ಟು ಹೆಚ್ಚು. ಇದನ್ನೇ ತಜ್ಞರು 110 ಡೆಸಿಬೆಲ್ ಎನ್ನುತ್ತಾರೆ.

ಆದರೂ ಒಂದು ಅನುಕೂಲವಿದೆ. ಕೂಗಿದವನು ತಾನೇ ಆದುದರಿಂದ, ತಾನು ಏನು ಕೂಗಿದೆನೆಂಬುದು ಯಂತ್ರಕ್ಕೆ ಗೊತ್ತು. ಗೊತ್ತಿರುವುದನ್ನು ಕಳೆಯಬಹುದಷ್ಟೆ! ನಮ್ಮ ಯಂತ್ರವು 8, 4, 6 ಎಂಬ ಸಂಖ್ಯೆಗಳನ್ನು ಕಳುಹಿಸಿತೆಂದೂ, ಅದರ ಅರ್ಧಾಂಶವು ಅದರ ಕಿವಿಗೇ ಸೋರುವುದೆಂದೂ ಭಾವಿಸೋಣ. ಕಿವಿಗೆ ಬಿದ್ದದ್ದು 5, 5, 5. ನೋಡುವುದಕ್ಕೆ ಅದರಲ್ಲಿ ಯಾವ ಸಂದೇಶವೂ ಇಲ್ಲ. ಸೋರಿಕೆಯಾದ 4, 2, 3ನ್ನು ಕಳೆದರೆ, ಗೆಳೆಯನ ಸಂದೇಶ 1, 3, 2 ಹೊರಬರುತ್ತದೆ. ಸೋರುವುದು ಅರ್ಧವೆಂದು ತಿಳಿಯುವುದೆಂತು? ಗೆಳೆಯನು ಸುಮ್ಮನಿರುವಾಗ ಒಮ್ಮೆ 8ನ್ನು ಕಳುಹಿಸಿ, 4 ಕೇಳಿಸಿತೆಂದು ಗುರುತಿಟ್ಟುಕೊಳ್ಳುವುದರಿಂದ.

ಲೆಕ್ಕ ಸುಲಭವಾದರೂ ಕೆಲಸ ಕಠಿಣ. ತರಂಗವನ್ನು ಸಂಖ್ಯೆಯಾಗಿ ಮಾರ್ಪಡಿಸುವ 12 ಬಿಟ್ಟುಗಳ ಸಾಧನವು 4096 ಮೆಟ್ಟಿಲುಗಳುಳ್ಳ ಅಳತೆಗೋಲಿನಂತಿರುತ್ತದೆ. ಸ್ವಂತ ಕೂಗೇ ಆ ಕೋಲನ್ನೆಲ್ಲ ತುಂಬಿದರೆ, ಗೆಳೆಯನ ಪಿಸುಮಾತು ಎರಡು ಮೆಟ್ಟಿಲುಗಳ ನಡುವೆ ಕಳೆದುಹೋಗುತ್ತದೆ. ಬಳಿಕ ಯಾವ ಲೆಕ್ಕದಿಂದಲೂ ಅದು ಸಿಕ್ಕದು. ಆದ್ದರಿಂದ ಕಳೆಯುವ ಕೆಲಸ ಮೂರು ಹಂತಗಳಲ್ಲಿ ನಡೆಯಬೇಕು. ಮೊದಲು, ಆಂಟೆನಾದ ಬಳಿಯಲ್ಲಿಯೇ ಸೋರಿಕೆಯನ್ನು ತಡೆಯುವುದು. ಎರಡನೆಯದಾಗಿ, ಸಂಖ್ಯೆಯಾಗುವ ಮೊದಲೇ ವಿದ್ಯುನ್ಮಂಡಲದಲ್ಲಿ ಸೋರಿಕೆಯ ಪ್ರತಿಯೊಂದನ್ನು ತಯಾರಿಸಿ ಕಳೆಯುವುದು. ಕೊನೆಗೆ, ಉಳಿದುದನ್ನೂ ಗೋಡೆಗಳಿಂದ ಹಿಂದಿರುಗುವ ಪ್ರತಿಧ್ವನಿಗಳನ್ನೂ ಗಣಿತದಿಂದ ಕಳೆಯುವುದು. 2013ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ದಿನೇಶ್ ಭರಾಡಿಯಾ, ಎಮಿಲಿ ಮೆಕ್‌ಮಿಲಿನ್, ಸಚಿನ್ ಕಟ್ಟಿ ಎಂಬವರು ಹೀಗೆ 110 ಡೆಸಿಬೆಲ್‌ಗಳಷ್ಟನ್ನೂ ಕಳೆದು ತೋರಿಸಿದರು.

ಎರಡನೆಯ ಹಂತಕ್ಕೆ ಐ.ಐ.ಟಿ. ಮದ್ರಾಸಿನ ರಾಧಾಕೃಷ್ಣ ಗಂಟಿ, ಎಸ್. ಅನಿರುದ್ಧನ್ ಮತ್ತು ಸಂಗಡಿಗರು 2016-17ರ ಸುಮಾರಿಗೆ ಸೊಗಸಾದ ಮಾರ್ಗವೊಂದನ್ನು ಸೂಚಿಸಿದರು. ತಾಂಬರಂ ಕಡೆಗೆ ಓಡುತ್ತಿರುವ ಎಲೆಕ್ಟ್ರಿಕ್ ರೈಲು ಒಂದು ಸೆಕೆಂಡಿನ ಹಿಂದೆ ಎಲ್ಲಿತ್ತೆಂದು ಹೇಳಲು, ಈಗ ಎಲ್ಲಿದೆ, ಅದರ ವೇಗವೆಷ್ಟು ಎಂಬೆರಡನ್ನು ತಿಳಿದರೆ ಸಾಕಷ್ಟೆ? ಯಂತ್ರದೊಳಗಿನ ಸೋರಿಕೆಯೂ ಅತ್ಯಲ್ಪ ಕಾಲ ತಡವಾಗಿ ಬಂದ ಅದೇ ತರಂಗ. ರೇಡಿಯೋ ತರಂಗಕ್ಕೆ 30 ಸೆಂಟಿಮೀಟರ್ ಸಾಗಲು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ಸಾಕು. ಆದುದರಿಂದ ತರಂಗವನ್ನೂ ಅದು ಬದಲಾಗುವ ವೇಗವನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಸೋರಿಕೆಯ ಪ್ರತಿ ಸಿದ್ಧವಾಗುತ್ತದೆ. ಮೇಲಿನ ತರಗತಿಗಳಲ್ಲಿ ನಾವು ಕಲಿಯಲಿರುವ ಟೇಲರನ ಶ್ರೇಣಿಯೇ ಇದರ ಆಧಾರ.

ಇಷ್ಟರಿಂದ ಎಲ್ಲವೂ ಮುಗಿಯಿತೆಂದಲ್ಲ. ನಮ್ಮ ಕೂಗನ್ನು ನಾವು ಕಳೆಯಬಹುದು. ಪಕ್ಕದವರ ಕೂಗು ನಮಗೆ ಮೊದಲೇ ತಿಳಿಯದು. ಹೀಗಾಗಿ ಎಲ್ಲರೂ ಒಮ್ಮೆಗೇ ಮಾತನಾಡುವ ನಗರದಲ್ಲಿ ಲಾಭವು ಇಮ್ಮಡಿಗಿಂತ ಕಡಿಮೆಯಾಗುವುದು. ಇದನ್ನು ಸರಿಪಡಿಸುವ ಕೆಲಸ ಮುಂದಿನವರಿಗೆ ಉಳಿದಿದೆ. ಆ ಮುಂದಿನವರಲ್ಲಿ ನಮ್ಮ ಶಾಲೆಯವರೂ ಏಕಿರಬಾರದು?

ಈಗ ವಾಚಕರಿಗೊಂದು ಲೆಕ್ಕ: ಯಂತ್ರವು 8, 4, 4 ಎಂದು ಕಳುಹಿಸಿತು. ಅರ್ಧಾಂಶವು ಕೂಡಲೇ ಸೋರುತ್ತದೆ. ಕಾಲಂಶವು ಗೋಡೆಗೆ ತಗುಲಿ ಒಂದು ಸ್ಥಾನ ತಡವಾಗಿ ಬರುತ್ತದೆ. ಕೇಳಿಸಿದ್ದು 6, 5, 6. ಗೆಳೆಯನು ಹೇಳಿದ್ದೇನು? ಉತ್ತರವು 2, 1, 3 ಎಂದು ಬಂದರೆ, ಪಾಠವು ಮನದಟ್ಟಾಯಿತೆಂದು ತಿಳಿಯಿರಿ.