ಗುದ್ದಲಿಗೆ ದಾರಿ ತೋರಿದ ಗ್ರಂಥ

ಕ್ರಿ.ಶ. 2ನೆಯ ಶತಮಾನದಲ್ಲಿ, ಗ್ರೀಸ್ ದೇಶವು ರೋಮನರ ಆಳ್ವಿಕೆಗೆ ಒಳಪಟ್ಟಿದ್ದಾಗ, ಪೌಸೇನಿಯಸ್ ಎಂಬ ಪ್ರವಾಸಿಯು ಆ ನಾಡನ್ನು ಸುತ್ತಿ ‘ಗ್ರೀಸಿನ ವರ್ಣನೆ’ ಎಂಬ ಗ್ರಂಥವನ್ನು ರಚಿಸಿದನು. ಇದರಲ್ಲಿ 10 ಭಾಗಗಳುಂಟು. ಅಟ್ಟಿಕ, ಲಕೋನಿಯ, ಅರ್ಕೇಡಿಯ ಮುಂತಾದ ಪ್ರಾಂತಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳ ಪೂರ್ವಕಥೆಯನ್ನೂ ಅಲ್ಲಿನ ದೇಗುಲ, ವಿಗ್ರಹ, ಸಮಾಧಿಗಳನ್ನೂ ಆತನು ವಿವರಿಸಿರುವನು.

ಇಂತಹ ಬರಹವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಮೈಸೀನಿ ಎಂಬ ಹಾಳೂರಿನಲ್ಲಿ ಟ್ರಾಯ್ ಯುದ್ಧದ ನಾಯಕನಾದ ಅಗಮೆಮ್ನಾನನ ಸಮಾಧಿಯು ಗೋಡೆಯ ಒಳಗಡೆ ಇದೆಯೆಂದು ಪೌಸೇನಿಯಸನು ಬರೆದಿದ್ದನು. ಆದರೆ ಯಾವ ಗೋಡೆ? ಊರಿನ ಹೊರಗೋಡೆಯೆಂದು ಅನೇಕ ವಿದ್ವಾಂಸರು ತಿಳಿದಿದ್ದರು. ಹೈನ್ರಿಕ್ ಶ್ಲೀಮನ್ನನಾದರೋ ಅದು ಕೋಟೆಯ ಗೋಡೆಯೇ ಎಂದು ನಿಶ್ಚಯಿಸಿ, 1876ರಲ್ಲಿ ಸಿಂಹದ್ವಾರದ ಒಳಬದಿಯನ್ನು ಅಗೆಯಿಸಿದನು. ಅಲ್ಲಿ 5 ಗೋರಿಗಳೂ ಚಿನ್ನದ ಮುಖವಾಡಗಳೂ ದೊರೆತುವು!

ಅಗಮೆಮ್ನಾನನೇ ಸಿಕ್ಕಿದನೆಂದು ಶ್ಲೀಮನ್ನನು ನಂಬಿದನು. ಆದರೆ ಆ ಗೋರಿಗಳು ಸುಮಾರು ಕ್ರಿ.ಪೂ. 16ನೆಯ ಶತಮಾನದವು, ಟ್ರಾಯ್ ಯುದ್ಧಕ್ಕೆ ಸಂಪ್ರದಾಯವು ಹೇಳುವ ಕಾಲಕ್ಕಿಂತ ಸುಮಾರು 300 ವರ್ಷಗಳಷ್ಟು ಹಳೆಯವು. ಗ್ರಂಥವು ಸೂಚಿಸಿದ ಸ್ಥಳ ನಿಜವಾಯಿತು. ಹೆಸರು ಮಾತ್ರ ಐತಿಹ್ಯದ್ದು. ಹಳೆಯ ಗ್ರಂಥವನ್ನು ತಳ್ಳಿಹಾಕಲೂ ಬಾರದು, ಪರೀಕ್ಷಿಸದೆ ಒಪ್ಪಲೂ ಬಾರದು. ಅದು ತೋರಿದೆಡೆ ಅಗೆದು, ದೊರೆತುದರ ಕಾಲವನ್ನು ಬೇರೆಯಾಗಿ ನಿರ್ಣಯಿಸುವುದೇ ಶಾಸ್ತ್ರೀಯ ಮಾರ್ಗ.